ಬಾಗಿಲು ತೆರೆದೇ ಇರಲಿ: ಹಿಂಸೆ ಕಂಡ ಮಕ್ಕಳ ಜೊತೆ ಕೂರುವವರಿಗೆ ಒಂದು ಕೈಪಿಡಿ

ಮೆಂಟರ್ ಆಗಿ, ಅಂದರೆ ಇಂಥ ಮಕ್ಕಳಿಗೆ ಜೊತೆಗಾರನಾಗಿ ನಿಲ್ಲುವ ದೊಡ್ಡವನಾಗಿ, ನನ್ನ ಮೊದಲ ದಿನ ನಾನು ಮಾಡಿದ ಮೊದಲ ಕೆಲಸ, ಬಾಗಿಲು ಹಾಕಿದ್ದು. ಎದುರಿಗೆ ಹದಿನೈದರ ಹುಡುಗ. ಹೊರಗೆ ಗಲಾಟೆ ಇತ್ತು, ನಮ್ಮ ಮಾತು ನಾಲ್ಕು ಜನಕ್ಕೆ ಕೇಳಿಸುವುದು ಬೇಡ ಅಂತ ಚಿಲಕ ಸರಿಸಿದೆ. ಆ ಸದ್ದಿಗೆ ಅವನ ಭುಜಗಳೆರಡೂ ಕಿವಿಯ ಹತ್ತಿರಕ್ಕೆ ಏರಿದವು. ಕೈ ಕುರ್ಚಿಯ ಅಂಚನ್ನು ಹಿಡಿದುಕೊಂಡಿತು. ಆಮೇಲಿನ ನಲವತ್ತು ನಿಮಿಷ ನಾನು ಏನು ಕೇಳಿದರೂ "ಹೂಂ". ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ. ಅವನಿಗೆ ಹೊಡೆದವರು ಮೊದಲು ಬಾಗಿಲು ಹಾಕಿಕೊಂಡಿದ್ದರು ಎಂಬುದು ನನಗೆ ತಿಳಿದದ್ದು ಎಷ್ಟೋ ತಿಂಗಳ ನಂತರ, ಬೇರೆಯವರ ಬಾಯಿಂದ.

ಅವನೇನಾದರೂ ಹೇಳಿಕೊಂಡಿದ್ದರೆ ನಾನು ಬಾಗಿಲು ಹಾಕುತ್ತಿರಲಿಲ್ಲ, ನಿಜ. ಆದರೆ ಈ ಕೆಲಸದಲ್ಲಿ ಹೇಳಿಕೊಳ್ಳುವವರೆಗೆ ಕಾಯಲಾಗುವುದಿಲ್ಲ. ಎದುರಿಗಿರುವ ಪ್ರತಿಯೊಬ್ಬರಿಗೂ ಏನೋ ಆಗಿರಬಹುದು ಎಂದುಕೊಂಡೇ ಕೋಣೆ, ಮಾತು, ನಿಯಮ ಎಲ್ಲವನ್ನೂ ಜೋಡಿಸಿಡಬೇಕು. ಆಘಾತದ ಅರಿವಿಟ್ಟುಕೊಂಡ ಆರೈಕೆ ಎನ್ನುವುದರ ತಿರುಳು ಇಷ್ಟೇ.

ಬಡಾವಣೆಯ ಯುವಕ ಸಂಘ, ಶಾಲೆ, ಗ್ರಂಥಾಲಯ, ಆಟದ ಮೈದಾನ, ಎಲ್ಲಾದರೂ ಸರಿ, ಮನೆಯಲ್ಲೋ ಬೀದಿಯಲ್ಲೋ ಹಿಂಸೆ ಕಂಡ ಹನ್ನೆರಡರಿಂದ ಇಪ್ಪತ್ತೊಂದು ವಯಸ್ಸಿನವರ ಜೊತೆ ನಿಲ್ಲುವ ಒಂದು ಸಣ್ಣ ತಂಡ ಕಟ್ಟಬೇಕೆಂದಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಹೆಜ್ಜೆ 1: ಯಾರ ಕೆಲಸ ಯಾವುದು ಎಂದು ಹಂಚಿಕೊಳ್ಳಿ

ಮೆಂಟರ್ ಬೇರೆ, ಥೆರಪಿಸ್ಟ್ ಬೇರೆ. ಕೇಳಲು ಸುಲಭ, ಪಾಲಿಸುವಾಗ ಎಲ್ಲರೂ ಎಡವುವುದು ಇಲ್ಲೇ. ನಡೆದುಹೋದ ಘಟನೆಯ ನೆನಪನ್ನು ಬಿಚ್ಚಿ, ಅದನ್ನು ಹೊರಲು ಆಗುವಷ್ಟು ಹಗುರ ಮಾಡುವುದು ಥೆರಪಿಸ್ಟ್‌ನ ಕೆಲಸ. ಅದಕ್ಕೆ ತರಬೇತಿ ಬೇಕು, ಪರವಾನಗಿ ಬೇಕು. ಮೆಂಟರ್‌ನ ಕೆಲಸ ಇವತ್ತಿನದು: ಹೇಳಿದ ದಿನ, ಹೇಳಿದ ಹೊತ್ತಿಗೆ, ಹೇಳಿದ ಜಾಗದಲ್ಲಿ ಇರುವುದು. ನಾಳೆಯ ಪರೀಕ್ಷೆ, ಕೆಲಸದ ಅರ್ಜಿ, ಮನೆಯ ಜಗಳ, ಸುಮ್ಮನೆ ಒಂದು ಆಟ.

ಎರಡನೆಯದು ಕಮ್ಮಿ ಕೆಲಸ ಎಂದು ಯಾರಿಗಾದರೂ ಅನ್ನಿಸಿದರೆ ಹವಾಯಿಯ ಕವಾಯ್ ದ್ವೀಪದ ಅಧ್ಯಯನ ನೆನಪಿಸಿಕೊಳ್ಳಬಹುದು. 1955ರಲ್ಲಿ ಅಲ್ಲಿ ಹುಟ್ಟಿದ 698 ಮಕ್ಕಳನ್ನು ಮನಶ್ಶಾಸ್ತ್ರಜ್ಞೆ ಎಮ್ಮಿ ವರ್ನರ್ ಮತ್ತು ಸಂಗಡಿಗರು ದಶಕಗಟ್ಟಲೆ ಹಿಂಬಾಲಿಸಿದರು. ಬಡತನ, ಮನೆಯ ಕಲಹ, ಹೆತ್ತವರ ಮಾನಸಿಕ ಕಾಯಿಲೆ, ಹೀಗೆ ಒಂದರ ಮೇಲೊಂದು ಕಷ್ಟ ಹೇರಿಕೊಂಡಿದ್ದ ಮಕ್ಕಳಲ್ಲಿ ಮೂರನೇ ಒಂದರಷ್ಟು ಮಂದಿ ನೆಟ್ಟಗೆ ಬೆಳೆದು ನಿಂತರು. ಅವರ ಬದುಕಿನಲ್ಲಿ ಮತ್ತೆಮತ್ತೆ ಕಂಡ ಸಂಗತಿಗಳಲ್ಲಿ ಒಂದು, ಕೈಬಿಡದ ಒಬ್ಬ ದೊಡ್ಡವರು. ಅಜ್ಜಿ, ಶಿಕ್ಷಕಿ, ಪಕ್ಕದ ಮನೆಯವರು, ಯಾರಾದರೊಬ್ಬರು.

ತಂಡ ಕಟ್ಟುವ ಮೊದಲ ವಾರವೇ ಒಂದು ಹಾಳೆಯ ಮೇಲೆ ಎರಡು ಕಾಲಂ ಎಳೆದು ಮೆಂಟರ್ ಮಾಡುವುದು, ಥೆರಪಿಸ್ಟ್ ಮಾಡುವುದು ಎಂದು ಬರೆಯಿರಿ. "ರಾತ್ರಿ ನಿದ್ದೆ ಬರ್ತಿಲ್ಲ" ಎಂದರೆ ಯಾರು ಕೇಳಿಸಿಕೊಳ್ಳುತ್ತಾರೆ, ಯಾರಿಗೆ ದಾಟಿಸುತ್ತಾರೆ? ಇಂಥ ಹತ್ತು ಸಂದರ್ಭ ಹಾಕಿ ನೋಡಿದರೆ ತಂಡದೊಳಗಿನ ಗೊಂದಲವೆಲ್ಲ ಅಲ್ಲೇ ಹೊರಬೀಳುತ್ತದೆ.

ಹೆಜ್ಜೆ 2: ಆಘಾತ ಹೇಗೆ ಕಾಣುತ್ತದೆ ಎಂದು ಕಲಿಯಿರಿ

ಅಳುತ್ತಾ ಕೂತವರನ್ನು ಗುರುತಿಸಲು ತರಬೇತಿ ಬೇಡ. ಹದಿಹರೆಯದಲ್ಲಿ ಆಘಾತ ಅಳುವಿನ ವೇಷದಲ್ಲಿ ಬರುವುದೇ ಅಪರೂಪ. ಸಿಡಿಮಿಡಿಯಾಗಿ ಬರುತ್ತದೆ, ತರಗತಿಯಲ್ಲಿ ತೂಕಡಿಕೆಯಾಗಿ ಬರುತ್ತದೆ (ರಾತ್ರಿಯಿಡೀ ಎಚ್ಚರವಿದ್ದವರು ಹಗಲಲ್ಲಿ ತೂಕಡಿಸದೆ ಇನ್ನೇನು ಮಾಡಿಯಾರು?), ಹೊಟ್ಟೆನೋವು ತಲೆನೋವಾಗಿ, ಒಂದು ನಿರ್ದಿಷ್ಟ ರಸ್ತೆಗೆ ಕಾಲಿಡದ ಹಟವಾಗಿ, "ನಂಗೇನೂ ಅನ್ಸಲ್ಲ" ಎನ್ನುವ ಮರಗಟ್ಟಿದ ಮಾತಾಗಿ ಬರುತ್ತದೆ. ಕೆಲವರಲ್ಲಿ ಬೇಕೆಂದೇ ಅಪಾಯದ ಬಾಯಿಗೆ ಹೋಗುವ ಚಾಳಿಯಾಗಿ ಕಾಣುತ್ತದೆ.

ಒಳಗೆ ನಡೆಯುವುದು ಇದು. ಅಪಾಯ ಬಂದಾಗ ಮಿದುಳಿನ ಅಮಿಗ್ಡಲಾ ಎಂಬ ಪುಟ್ಟ ಭಾಗ ಗಂಟೆ ಬಾರಿಸುತ್ತದೆ, ಅಡ್ರಿನಲಿನ್ ಹರಿಯುತ್ತದೆ, ಮೈ ಮೂರರಲ್ಲಿ ಒಂದನ್ನು ಮಾಡುತ್ತದೆ: ತಿರುಗಿ ಹೊಡೆಯುವುದು, ಓಡುವುದು, ಕಲ್ಲಾಗುವುದು. ಯೋಚಿಸಿ ನಿರ್ಧರಿಸುವ ಮುಂಭಾಗದ ಮಿದುಳು ಆ ಹೊತ್ತಿಗೆ ಹಿಂದೆ ಸರಿಯುತ್ತದೆ. ಮತ್ತೆಮತ್ತೆ ಹಿಂಸೆ ಕಂಡವರಲ್ಲಿ ಈ ಗಂಟೆ ಅಪಾಯ ಇಲ್ಲದಾಗಲೂ ಬಾರಿಸುತ್ತಿರುತ್ತದೆ. ಹಿಂದಿನಿಂದ ಬಂದ ಹೆಜ್ಜೆ ಸದ್ದು, ಜೋರು ದನಿ, ಒಂದು ವಾಸನೆ, ಒಂದು ಚಿಲಕ. ಆಗ "ಸ್ವಲ್ಪ ಯೋಚನೆ ಮಾಡು" ಎಂದು ಬುದ್ಧಿ ಹೇಳಿದರೆ ಅದನ್ನು ಕೇಳಿಸಿಕೊಳ್ಳಬೇಕಾದ ಭಾಗವೇ ಕೆಲಸಕ್ಕೆ ಹಾಜರಿರುವುದಿಲ್ಲ.

ಹಾಗೆಂದು ಎಲ್ಲರಿಗೂ ಕಾಯಿಲೆಯ ಹೆಸರು ಹಚ್ಚಬೇಡಿ. ಆಘಾತದ ನಂತರ ಉಳಿದುಬಿಡುವ ಮಾನಸಿಕ ಕಾಯಿಲೆಗೆ ಇಟ್ಟ ಪಿಟಿಎಸ್‌ಡಿ ಎಂಬ ಹೆಸರು ಅಮೆರಿಕದ ಮನೋವೈದ್ಯರ ಕೈಪಿಡಿಗೆ ಸೇರಿದ್ದು 1980ರಲ್ಲಿ. ಈಗಿನ ಮಾನದಂಡದ ಪ್ರಕಾರ ಲಕ್ಷಣಗಳು ಒಂದು ತಿಂಗಳಿಗೂ ಹೆಚ್ಚು ಉಳಿದರೆ ಮಾತ್ರ ಆ ರೋಗನಿರ್ಣಯ. ಮೊದಲ ಕೆಲವು ವಾರಗಳ ನಿದ್ದೆಗೇಡು, ಬೆಚ್ಚುವಿಕೆ ಬಹಳಷ್ಟು ಜನರಲ್ಲಿ ತಾನಾಗಿ ಇಳಿಯುತ್ತದೆ. ಇನ್ನೊಂದು ಎಚ್ಚರ: ಬಾಲ್ಯದ ಕಹಿ ಅನುಭವಗಳ ಕುರಿತ ಏಸ್ ಅಧ್ಯಯನದ ಹೆಸರು ನೀವು ಕೇಳಿರಬಹುದು. ವಿನ್ಸೆಂಟ್ ಫೆಲಿಟ್ಟಿ ಮತ್ತು ರಾಬರ್ಟ್ ಆಂಡಾ 1998ರಲ್ಲಿ ಅದರ ಮೊದಲ ವರದಿ ಕೊಟ್ಟರು; 17,000ಕ್ಕೂ ಹೆಚ್ಚು ವಯಸ್ಕರನ್ನು ಒಳಗೊಂಡ ದೊಡ್ಡ ಕೆಲಸ. ಬಾಲ್ಯದ ನೋವಿಗೂ ಮುಂದಿನ ಹೃದ್ರೋಗ, ಖಿನ್ನತೆ, ವ್ಯಸನಗಳಿಗೂ ಇರುವ ನಂಟನ್ನು ಅದು ಜಗತ್ತಿಗೆ ತೋರಿಸಿತು. ಆದರೆ ಅದು ಜನಸಮೂಹವನ್ನು ಅಳೆಯಲು ಮಾಡಿದ ಅಳತೆಗೋಲು, ಒಬ್ಬ ಹುಡುಗಿಯ ಭವಿಷ್ಯ ಹೇಳುವ ಜಾತಕವಲ್ಲ. ಬೀದಿಯ ಹಿಂಸೆಯ ಬಗ್ಗೆ ಅದರ ಮೂಲ ಪ್ರಶ್ನೆಗಳಲ್ಲಿ ಒಂದೂ ಇರಲಿಲ್ಲ. ಆ ಪ್ರಶ್ನೆಪತ್ರವನ್ನು ನಿಮ್ಮ ದಾಖಲಾತಿ ಫಾರಂಗೆ ಅಂಟಿಸಬೇಡಿ.

"ನಿನಗೇನು ಧಾಡಿ?" ಎಂದು ಕೇಳುವ ಬದಲು "ನಿನಗೇನಾಯಿತು?" ಎಂದು ಕೇಳಬೇಕು ಅಂತ ತರಬೇತಿಗಳಲ್ಲಿ ಹೇಳಿಕೊಡುತ್ತಾರೆ. ಮನಸ್ಸಿನೊಳಗೆ ಹಾಗೆ ಕೇಳಿಕೊಳ್ಳುವುದು ಸರಿ. ಬಾಯಿಬಿಟ್ಟು ಮೆಂಟರ್ ಅದನ್ನೂ ಕೇಳಬಾರದು ಎನ್ನುವುದು ನನ್ನ ಅಭಿಪ್ರಾಯ. ಪೊಲೀಸರು ಕೇಳಿರುತ್ತಾರೆ, ಡಾಕ್ಟರು ಕೇಳಿರುತ್ತಾರೆ, ಹೆಡ್‌ಮಾಸ್ಟರು ಕೇಳಿರುತ್ತಾರೆ. ಕೇಳದೇ ಇರುವವರು ಒಬ್ಬರಾದರೂ ಇರಲಿ.

ಹೆಜ್ಜೆ 3: ಮೆಂಟರ್‌ಗಳನ್ನು ಆರಿಸುವುದು

ಇಲ್ಲಿ ಆತುರ ಬೇಡ, ಯಾಕೆಂದರೆ ಒಳ್ಳೆಯ ಮನಸ್ಸಿನವರೂ ಹಾನಿ ಮಾಡಬಲ್ಲರು. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1939ರಲ್ಲಿ ಕೇಂಬ್ರಿಜ್-ಸಾಮರ್ವಿಲ್ ಅಧ್ಯಯನ ಶುರುವಾಯಿತು. 506 ಹುಡುಗರು, ಅರ್ಧ ಜನಕ್ಕೆ ಸಲಹೆಗಾರರ ಭೇಟಿ, ಟ್ಯೂಷನ್, ವೈದ್ಯಕೀಯ ನೆರವು, ಬೇಸಿಗೆ ಶಿಬಿರ, ಇನ್ನರ್ಧಕ್ಕೆ ಏನೂ ಇಲ್ಲ. ಮೂವತ್ತು ವರ್ಷಗಳ ಬಳಿಕ ಅವರನ್ನೆಲ್ಲ ಹುಡುಕಿ ಹೊರಟ ಜೋನ್ ಮೆಕಾರ್ಡ್ 1978ರಲ್ಲಿ ಫಲಿತಾಂಶ ಬರೆದರು: ನೆರವು ಪಡೆದವರ ಅಪರಾಧ ಕಡಿಮೆಯಾಗಿರಲಿಲ್ಲ, ಕುಡಿತ, ಕಾಯಿಲೆ, ಬೇಗನೆ ಸಾಯುವುದು ಇಂಥ ಕೆಲವು ವಿಷಯಗಳಲ್ಲಿ ಅವರ ಸ್ಥಿತಿ ಇನ್ನೂ ಕೆಟ್ಟಿತ್ತು. ಆಮೇಲಿನ ವಿಶ್ಲೇಷಣೆಯಲ್ಲಿ ಬೆರಳು ಹೋದದ್ದು ಬೇಸಿಗೆ ಶಿಬಿರಗಳ ಕಡೆಗೆ. ತೊಂದರೆಯಲ್ಲಿದ್ದ ಹುಡುಗರನ್ನೆಲ್ಲ ಒಂದೆಡೆ ಗುಡ್ಡೆ ಹಾಕಿದ್ದರಿಂದ ಒಬ್ಬರ ಪುಂಡಾಟಕ್ಕೆ ಇನ್ನೊಬ್ಬರ ಶಹಬ್ಬಾಸ್‌ಗಿರಿ ಸಿಕ್ಕಿರಬೇಕು.

ಇನ್ನೊಂದು ಅಧ್ಯಯನವನ್ನು ನಾನು ಪ್ರತಿ ಹೊಸ ಸ್ವಯಂಸೇವಕರಿಗೂ ಹೇಳುತ್ತೇನೆ. ಜೀನ್ ಗ್ರಾಸ್‌ಮನ್ ಮತ್ತು ಜೀನ್ ರೋಡ್ಸ್ 2002ರಲ್ಲಿ ಪ್ರಕಟಿಸಿದ್ದು. ವರ್ಷಕ್ಕೂ ಹೆಚ್ಚು ಉಳಿದ ಮೆಂಟರ್-ಮಗುವಿನ ಜೋಡಿಗಳಲ್ಲಿ ಮಕ್ಕಳಿಗೆ ಹೆಚ್ಚು ಲಾಭ ಆಗಿತ್ತು. ಮೂರು ತಿಂಗಳೊಳಗೆ ಮುರಿದುಬಿದ್ದ ಜೋಡಿಗಳಲ್ಲಿ ಮಕ್ಕಳ ಆತ್ಮಗೌರವ ಮೊದಲಿಗಿಂತ ಕುಸಿದಿತ್ತು. ಬೇಗ ಮುರಿಯುವ ಸಾಧ್ಯತೆ ಇದ್ದದ್ದು ಯಾರ ಜೋಡಿ? ಹಿಂಸೆ, ದೌರ್ಜನ್ಯ ಅನುಭವಿಸಿದ ಮಕ್ಕಳದೇ. ಅಂದರೆ ಯಾರಿಗೆ ಕೈಕೊಟ್ಟರೆ ಹೆಚ್ಚು ನೋವೋ ಅವರಿಗೇ ಹೆಚ್ಚು ಸಲ ಕೈಕೊಡುತ್ತೇವೆ.

ಹೀಗಾಗಿ ಸಂದರ್ಶನದಲ್ಲಿ ನಾನು ಕೇಳುವ ಮೊದಲ ಪ್ರಶ್ನೆ "ಯಾಕೆ ಬಂದಿರಿ" ಅಲ್ಲ, "ಮುಂದಿನ ಹನ್ನೆರಡು ತಿಂಗಳಲ್ಲಿ ಊರು ಬಿಡುವುದು, ಮದುವೆ, ಹೆರಿಗೆ, ದೊಡ್ಡ ಪರೀಕ್ಷೆ ಏನಾದರೂ ಇದೆಯಾ?" ಇದೆ ಎಂದರೆ ಅವರನ್ನು ವಾಪಸ್ ಕಳಿಸಬೇಡಿ, ಲೆಕ್ಕಪತ್ರ, ಸಾಮಾನು, ತರಬೇತಿಯ ಏರ್ಪಾಡು, ಮಾಡಲು ಬೇರೆ ಕೆಲಸ ಬೇಕಾದಷ್ಟಿದೆ. ಎರಡನೆಯ ಪ್ರಶ್ನೆ, ಹದಿಹರೆಯದವರು ಮುಖಕ್ಕೆ ಹೊಡೆದ ಹಾಗೆ ಮಾತಾಡಿದಾಗ ಏನು ಮಾಡುತ್ತೀರಿ ಎಂಬುದು. "ನಾನು ಅವರನ್ನು ಬದಲಾಯಿಸಿಬಿಡ್ತೀನಿ" ಎಂಬ ಹುಮ್ಮಸ್ಸಿನ ಉತ್ತರ ಬಂದರೆ ನನಗೆ ಭಯ.

ಅದೇ ಬೀದಿಯಲ್ಲಿ ಬೆಳೆದು, ಹಿಂಸೆಯ ಒಳಗಿದ್ದು ಹೊರಬಂದವರು ಸಿಕ್ಕರೆ ಅವರ ಮಾತಿಗೆ ಬೇರೆಯದೇ ತೂಕ ಇರುತ್ತದೆ. ಆದರೆ ಅವರಿಗೂ ಸಂಬಳ, ತರಬೇತಿ, ಅವರದೇ ಹಳೆ ಗಾಯಕ್ಕೆ ಆರೈಕೆ ಸಿಗಬೇಕು. ಅನುಭವ ಇದೆಯೆಂದು ಬಿಟ್ಟಿ ದುಡಿಸಿಕೊಳ್ಳುವುದು ಸರಿಯಲ್ಲ. ಎಲ್ಲರಿಗೂ ಪೊಲೀಸ್ ದಾಖಲೆ ಪರಿಶೀಲನೆ, ಗುರುತಿನ ಇಬ್ಬರ ಶಿಫಾರಸು ಕಡ್ಡಾಯ. ಹಳೆಯ ಕೇಸು ಇದ್ದ ಮಾತ್ರಕ್ಕೆ ತಳ್ಳಿಹಾಕಬೇಡಿ, ಏನು ಕೇಸು ಎಂದು ನೋಡಿ. ಮಕ್ಕಳ ಮೇಲಿನ ಅಪರಾಧವಾದರೆ ಎರಡನೇ ಮಾತಿಲ್ಲ. ಭೇಟಿ ಯಾವಾಗಲೂ ಬೇರೆಯವರ ಕಣ್ಣಿಗೆ ಬೀಳುವ ಜಾಗದಲ್ಲಿ. ಮೆಂಟರ್ ಮನೆಯಲ್ಲಿ, ಕಾರಿನಲ್ಲಿ ಒಬ್ಬಂಟಿಯಾಗಿ ಬೇಡ. ಈ ನಿಯಮ ಮಗುವನ್ನೂ ಕಾಯುತ್ತದೆ, ಮೆಂಟರ್‌ನನ್ನೂ ಕಾಯುತ್ತದೆ.

ಹೆಜ್ಜೆ 4: ಕೋಣೆ

ಬಾಗಿಲು ತೆರೆದಿರಲಿ, ಅಥವಾ ಗಾಜಿನದಾಗಿರಲಿ. ಎಲ್ಲಿ ಕೂರುತ್ತೀ ಎಂದು ಅವರನ್ನೇ ಕೇಳಿ. ಬಹಳ ಸಲ ಗೋಡೆಗೆ ಬೆನ್ನು ಕೊಟ್ಟು ಬಾಗಿಲು ಕಾಣುವ ಕುರ್ಚಿ ಆರಿಸುತ್ತಾರೆ. ನೀವು ಅವರಿಗೂ ಬಾಗಿಲಿಗೂ ನಡುವೆ ಕೂರಬೇಡಿ. ಹಿಂದಿನಿಂದ ಬಂದು ಭುಜ ತಟ್ಟಬೇಡಿ, ಪ್ರೀತಿಯಿಂದಲೂ ಬೇಡ. ಯಾರಾದರೂ ಹೊಸಬರು ಬರುವುದಿದ್ದರೆ ಮೊದಲೇ ಹೇಳಿ. ದೀಪ ಆರಿಸಿ ವಿಡಿಯೊ ತೋರಿಸುವುದಿದ್ದರೂ ಮೊದಲೇ ಹೇಳಿ. ಇಷ್ಟಕ್ಕೆ ದುಡ್ಡೇ ಬೇಕಾಗಿಲ್ಲ.

ಹೆಜ್ಜೆ 5: ಮೊದಲ ಹತ್ತು ಭೇಟಿ

ಮೊದಲ ದಿನ ಐದು ವಿಷಯ ಮಾತ್ರ ಹೇಳಿ: ನಾನು ಯಾರು, ವಾರದ ಯಾವ ದಿನ ಎಷ್ಟು ಹೊತ್ತು ಬರುತ್ತೇನೆ, ಎಷ್ಟು ತಿಂಗಳು ಇರುತ್ತೇನೆ, ನೀನು ಹೇಳಿದ್ದನ್ನು ಯಾರಿಗೆ ಹೇಳುತ್ತೇನೆ ಯಾರಿಗೆ ಹೇಳುವುದಿಲ್ಲ, ನಿನಗೆ ಬೇಡ ಅನ್ನಿಸಿದರೆ ಏನು ಮಾಡಬಹುದು. ನಾಲ್ಕನೆಯದನ್ನು ನುಂಗಬೇಡಿ. "ಎಲ್ಲ ಗುಟ್ಟಾಗಿ ಇಡ್ತೀನಿ" ಎಂದು ಮಾತು ಕೊಟ್ಟು ಮೂರು ತಿಂಗಳ ನಂತರ ಮುರಿಯಬೇಕಾಗಿ ಬಂದರೆ ಅಲ್ಲಿಗೆ ಮುಗಿಯಿತು. ಹೀಗೆ ಹೇಳಬಹುದು:

"ನೀನು ಹೇಳಿದ್ದು ನನ್ನ ಹತ್ರಾನೇ ಇರುತ್ತೆ. ಮೂರು ವಿಷಯ ಬಿಟ್ಟು. ನಿನ್ನ ಜೀವಕ್ಕೆ ನೀನೇ ಏನಾದ್ರೂ ಮಾಡ್ಕೊಳ್ಳೋ ಹಾಗಿದ್ರೆ, ಬೇರೆಯವ್ರಿಗೆ ಏನಾದ್ರೂ ಮಾಡೋ ಹಾಗಿದ್ರೆ, ಯಾರಾದ್ರೂ ನಿನಗೆ ತೊಂದ್ರೆ ಕೊಡ್ತಿದ್ರೆ. ಆಗ ನಾನು ಒಬ್ಬರಿಗೆ ಹೇಳಬೇಕಾಗುತ್ತೆ. ಹೇಳೋ ಮೊದಲು ನಿನಗೆ ಹೇಳ್ತೀನಿ."

ಆಮೇಲೆ? ಎದುರುಬದುರು ಕೂತು ಮಾತಾಡಿಸಲು ಹೋಗಬೇಡಿ. ಪಕ್ಕದಲ್ಲಿ ಕೂತು ಏನಾದರೂ ಮಾಡಿ: ಸೈಕಲ್ ರಿಪೇರಿ, ಕೇರಂ, ನಡಿಗೆ, ಚಿತ್ರ, ಬಯೋಡೇಟಾ ಬರೆಯುವುದು. ಕೈಗೆ ಕೆಲಸ ಇದ್ದು ಕಣ್ಣು ಬೇರೆ ಕಡೆ ಇದ್ದಾಗ ಮಾತು ತಾನಾಗಿ ಬರುತ್ತದೆ. ನನ್ನ ಜೊತೆಗಿದ್ದ ಒಬ್ಬ ಹುಡುಗಿ ಏಳು ವಾರ ಒಂದೇ ಒಂದು ವಿಷಯ ಮಾತಾಡಿದ್ದಳು, ಸೈಕಲ್ ಚೈನು. ಎಂಟನೇ ವಾರ ಚೈನಿಗೆ ಎಣ್ಣೆ ಬಿಡುತ್ತಾ, ತಲೆ ಎತ್ತದೆ, "ಅಣ್ಣಾ, ನಮ್ಮಪ್ಪ ಮನೆಗೆ ವಾಪಸ್ ಬರ್ತಾರಂತೆ" ಎಂದಳು. "ಯಾವಾಗ?" ಎಂದೆ. ಅಷ್ಟೇ ಕೇಳಿದ್ದು. ಉಳಿದದ್ದನ್ನು ಅವಳೇ ಹೇಳಿದಳು.

ಪರೀಕ್ಷೆ ಮಾಡುತ್ತಾರೆ, ಅದಕ್ಕೂ ತಯಾರಿರಿ. ಬರುವುದಿಲ್ಲ, ತಡ ಮಾಡುತ್ತಾರೆ, ಬೈಯುತ್ತಾರೆ. ಇವರೂ ಓಡಿಹೋಗುವವರೋ ಎಂದು ನೋಡುತ್ತಿರುತ್ತಾರೆ. ಅವರು ಬರದ ದಿನವೂ ನೀವು ಆ ಜಾಗದಲ್ಲಿ ಆ ಒಂದು ಗಂಟೆ ಕೂತಿರಿ, "ಬಂದಿದ್ದೆ, ಮುಂದಿನ ಮಂಗಳವಾರ ಮತ್ತೆ ಇರ್ತೀನಿ" ಎಂದು ಒಂದು ಮೆಸೇಜು ಹಾಕಿ. ದೊಡ್ಡ ಮಾತು ಕೊಡಬೇಡಿ. ಪುಸ್ತಕ ತಂದುಕೊಡುತ್ತೇನೆ ಎಂದರೆ ತಂದುಕೊಡಿ, ಮರೆಯುವ ಹಾಗಿದ್ದರೆ ಹೇಳಲೇಬೇಡಿ.

ಗುಂಪಿನಲ್ಲಿ ಮಾಡಿಸಬಹುದಾದ ಒಂದು ಆಟ ಇದೆ. ಷಿಕಾಗೊದ 'ಬಿಕಮಿಂಗ್ ಎ ಮ್ಯಾನ್' ಕಾರ್ಯಕ್ರಮದವರದು. ಇಬ್ಬಿಬ್ಬರ ಜೋಡಿ ಮಾಡಿ, ಒಬ್ಬನ ಕೈಗೆ ಚೆಂಡು ಕೊಟ್ಟು ಮುಷ್ಟಿ ಕಟ್ಟಲು ಹೇಳುತ್ತಾರೆ. ಇನ್ನೊಬ್ಬನಿಗೆ 30 ಸೆಕೆಂಡು, ಚೆಂಡು ತೆಗೆದುಕೊಳ್ಳಬೇಕು. ಗುದ್ದಾಟ, ಎಳೆದಾಟ, ಬೆರಳು ತಿರುಚುವುದು ಎಲ್ಲ ನಡೆಯುತ್ತದೆ. ಮುಗಿದ ಮೇಲೆ ನಡೆಸುವವರು ಕೇಳುತ್ತಾರೆ: ಯಾರಾದರೂ "ಚೆಂಡು ಕೊಡ್ತೀಯಾ" ಅಂತ ಕೇಳಿದಿರಾ? ಕೇಳಿದ್ದರೆ ಕೊಡುತ್ತಿದ್ದೆಯಾ? ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಮೈ ಮೊದಲು ಓಡಿ, ತಲೆ ಆಮೇಲೆ ಬರುವುದು ಹೇಗೆ ಎಂದು ಅರ್ಧ ನಿಮಿಷದಲ್ಲಿ ತಿಳಿಯುತ್ತದೆ. ಆ ಕಾರ್ಯಕ್ರಮವನ್ನು ಲಾಟರಿ ಎತ್ತಿದಂತೆ ಗುಂಪು ಮಾಡಿ ಪರೀಕ್ಷಿಸಿದಾಗ, ನಡೆಯುತ್ತಿದ್ದ ಅವಧಿಯಲ್ಲಿ ಹಿಂಸಾ ಅಪರಾಧಕ್ಕಾಗಿ ಆಗುವ ಬಂಧನಗಳು 45ರಿಂದ 50 ಪ್ರತಿಶತ ಇಳಿದಿದ್ದವು. ಈ ಲೆಕ್ಕ ಪ್ರಕಟವಾದದ್ದು 2017ರಲ್ಲಿ.

ಹೆಜ್ಜೆ 6: ಕುದಿ ಏರಿದಾಗ, ಮತ್ತು ಬಾಯಿ ಬಿಟ್ಟಾಗ

ಎದುರಿಗಿರುವವರ ಉಸಿರು ಮೇಲೆ ಸಿಕ್ಕಿಕೊಂಡು, ಕಣ್ಣು ಎಲ್ಲೋ ನೆಟ್ಟು, ಮಾತು ನಿಂತರೆ ಪ್ರಶ್ನೆ ನಿಲ್ಲಿಸಿ. ನಿಮ್ಮ ದನಿ ಇಳಿಸಿ, ವಾಕ್ಯ ಚಿಕ್ಕದು ಮಾಡಿ. ಹೆಸರು ಹಿಡಿದು ಕರೆಯಿರಿ, ಎಲ್ಲಿದ್ದೇವೆ ಎಂದು ಹೇಳಿ. ಕಾಲು ನೆಲಕ್ಕೆ ಒತ್ತಲು, ಕಾಣುವ ಐದು ವಸ್ತು ಹೆಸರಿಸಲು ಹೇಳಿ. ಉಸಿರು ಬಿಡುವುದು ಎಳೆದುಕೊಳ್ಳುವುದಕ್ಕಿಂತ ಉದ್ದ ಇದ್ದರೆ ಎದೆಬಡಿತ ನಿಧಾನವಾಗಿ ಇಳಿಯುತ್ತದೆ. "ಕಣ್ಣು ಮುಚ್ಚಿ ಉಸಿರಾಡು" ಅನ್ನಬೇಡಿ. ಹಿಂಸೆ ಕಂಡ ಹಲವರಿಗೆ ಕಣ್ಣು ಮುಚ್ಚುವುದೇ ದಿಗಿಲು. ಒಂದು ಲೋಟ ತಣ್ಣೀರು, ಹೊರಗೆ ಎರಡು ಸುತ್ತು ನಡಿಗೆ ಇದಕ್ಕಿಂತ ಚೆನ್ನ.

ಅವರಾಗಿಯೇ ನಡೆದದ್ದನ್ನು ಹೇಳತೊಡಗಿದರೆ ತಡೆಯಬೇಡಿ, ಕೆದಕಲೂ ಬೇಡಿ. ನಿಮ್ಮ ಮುಖದಲ್ಲಿ ಗಾಬರಿ ಕಂಡರೆ ಅವರು ನಿಮ್ಮನ್ನು ಸಮಾಧಾನ ಮಾಡಲು ಕಥೆಯನ್ನೇ ಚಿಕ್ಕದು ಮಾಡುತ್ತಾರೆ. "ಹೇಳಿದ್ದು ಒಳ್ಳೇದಾಯ್ತು. ಇದು ನಿನ್ನ ತಪ್ಪಲ್ಲ. ಈಗ ಮನೆಗೆ ಹೋಗೋದು ಸೇಫ್ ಅನ್ಸುತ್ತಾ?" ಇಷ್ಟು ಸಾಕು. ಮೂರನೇ ವಾಕ್ಯ ಮರೆಯಬೇಡಿ. "ನಾನಾಗಿದ್ರೆ ಹಾಗೆ ಮಾಡ್ತಿದ್ದೆ", "ಆದದ್ದೆಲ್ಲ ಒಳ್ಳೇದಕ್ಕೆ", "ಮರೆತುಬಿಡು" ಇವು ಬೇಡವೇ ಬೇಡ. ಅವರ ಮಾತನ್ನು ಅವರ ಶಬ್ದದಲ್ಲೇ ಅವತ್ತೇ ಬರೆದಿಟ್ಟು ತಂಡದ ಹೊಣೆಗಾರರಿಗೆ ಕೊಡಿ. ಅಪ್ರಾಪ್ತರ ಮೇಲಿನ ದೌರ್ಜನ್ಯವನ್ನು ವರದಿ ಮಾಡುವುದು ನೀವಿರುವ ಕಡೆಯ ಕಾನೂನಿನಲ್ಲಿ ಯಾರ ಹೊಣೆ, ಎಷ್ಟು ಹೊತ್ತಿನೊಳಗೆ ಎಂಬುದನ್ನು ಕಾರ್ಯಕ್ರಮ ಶುರುವಾಗುವ ಮೊದಲೇ ವಕೀಲರಿಂದ ತಿಳಿದು ಗೋಡೆಗೆ ಅಂಟಿಸಿ.

ಸಾಯುವ ಯೋಚನೆಯ ಬಗ್ಗೆ ಅನುಮಾನ ಬಂದರೆ ನೇರವಾಗಿ ಕೇಳಿ: "ಸತ್ತುಹೋಗೋಣ ಅಂತ ಅನ್ಸಿದೆಯಾ?" ಕೇಳಿದರೆ ತಲೆಗೆ ಇಲ್ಲದ ಯೋಚನೆ ತುಂಬಿದಂತಾಗುತ್ತದೆ ಎಂಬ ಭಯಕ್ಕೆ ಆಧಾರ ಇಲ್ಲ. ಹೌದು ಎಂದರೆ, ಹೇಗೆ, ಯಾವಾಗ ಎಂದು ಯೋಚಿಸಿದ್ದಾರೆಯೇ ಎಂದೂ ಕೇಳಿ. ಅವರನ್ನು ಒಬ್ಬಂಟಿ ಬಿಡಬೇಡಿ, ತುರ್ತು ಸಹಾಯವಾಣಿಗೋ ಆಸ್ಪತ್ರೆಗೋ ಜೊತೆಯಲ್ಲೇ ಹೋಗಿ, ಮನೆಯಲ್ಲಿರುವ ಮಾತ್ರೆ, ವಿಷ, ಆಯುಧ ಕೈಗೆಟುಕದಂತೆ ಮನೆಯವರಿಗೆ ಹೇಳಿ.

ಹೆಜ್ಜೆ 7: ಥೆರಪಿಗೆ ದಾಟಿಸುವುದು

ತಿಂಗಳು ಕಳೆದರೂ ದುಃಸ್ವಪ್ನ, ಬೆಚ್ಚುವಿಕೆ, ನಡೆದದ್ದು ಕಣ್ಮುಂದೆ ಮರಳುವುದು ನಿಲ್ಲದಿದ್ದರೆ, ಶಾಲೆ ಕೆಲಸ ಬಿಟ್ಟುಹೋಗುತ್ತಿದ್ದರೆ, ಕುಡಿತ ಅಥವಾ ಮೈ ಕುಯ್ದುಕೊಳ್ಳುವುದು ಶುರುವಾಗಿದ್ದರೆ ಥೆರಪಿಸ್ಟ್ ಬೇಕು. ಕೈಗೊಂದು ಫೋನ್ ನಂಬರ್ ಕೊಟ್ಟು ಕಳಿಸಿದರೆ ಹೋಗುವವರು ಕಡಿಮೆ. ಅವರು ಒಪ್ಪಿದರೆ ಥೆರಪಿಸ್ಟ್‌ರನ್ನು ನಿಮ್ಮ ಕೋಣೆಗೇ ಒಮ್ಮೆ ಕರೆಸಿ ಪರಿಚಯ ಮಾಡಿಸಿ, ಮೊದಲ ಸಲ ಜೊತೆಗೆ ಹೋಗಿ, ಹೊರಗಿನ ಬೆಂಚಿನ ಮೇಲೆ ಕೂತಿರಿ.

ಏನು ನಡೆಯುತ್ತದೆ ಎಂದು ಮೊದಲೇ ಗೊತ್ತಿದ್ದರೆ ಹೆದರಿಕೆ ಕಡಿಮೆ. ಮಕ್ಕಳ ವಿಷಯದಲ್ಲಿ ಹೆಚ್ಚು ಪುರಾವೆ ಇರುವುದು ಆಘಾತ-ಕೇಂದ್ರಿತ ಸಿಬಿಟಿಗೆ (ಯೋಚನೆ, ನಡತೆಗಳ ಮೇಲೆ ಕೆಲಸ ಮಾಡುವ ಮಾತಿನ ಚಿಕಿತ್ಸೆ). ಜುಡಿತ್ ಕೊಹೆನ್, ಆಂಥನಿ ಮ್ಯಾನರಿನೊ, ಎಸ್ತರ್ ಡೆಬ್ಲಿಂಜರ್ ರೂಪಿಸಿದ್ದು. 3ರಿಂದ 18 ವಯಸ್ಸಿನವರಿಗೆ, ಸಾಮಾನ್ಯವಾಗಿ 12ರಿಂದ 25 ಭೇಟಿ. ಮೊದಲ ದಿನವೇ "ಹೇಳು ಏನಾಯ್ತು" ಎಂದು ಶುರುವಾಗುವುದಿಲ್ಲ. ಮೊದಲು ಆಘಾತ ಎಂದರೇನು ಎಂಬ ವಿವರಣೆ, ಮೈ ಸಡಿಲಿಸುವ ಅಭ್ಯಾಸ, ಭಾವನೆಗೆ ಹೆಸರಿಡುವುದು, ಯೋಚನೆಗೂ ಭಾವನೆಗೂ ನಡತೆಗೂ ಇರುವ ನಂಟು. ಕಾಲಡಿ ನೆಲ ಗಟ್ಟಿಯಾದ ಮೇಲೆ ಸ್ವಲ್ಪಸ್ವಲ್ಪವಾಗಿ ನಡೆದದ್ದನ್ನು ಹೇಳುವುದು, ಬರೆಯುವುದು, ಚಿತ್ರ ಬಿಡಿಸುವುದು. ಕೊನೆಗೆ ನಂಬಿಕೆಯ ದೊಡ್ಡವರೊಬ್ಬರ ಮುಂದೆ ಹಂಚಿಕೊಳ್ಳುವುದು. ಸಮಾನಾಂತರವಾಗಿ ಹೆತ್ತವರಿಗೂ ತರಬೇತಿ ನಡೆಯುತ್ತದೆ. ಕಣ್ಣಿನ ಚಲನೆ ಬಳಸುವ ಇಎಂಡಿಆರ್ ಇನ್ನೊಂದು ದಾರಿ. ಫ್ರಾನ್ಸಿನ್ ಶಪೀರೊ 1987ರಲ್ಲಿ ಅದನ್ನು ಆರಂಭಿಸಿದರು. ಶಾಲೆಯೊಳಗೇ ಮಾಡಬಹುದಾದದ್ದು ಸಿಬಿಟ್ಸ್ ಎಂಬ ಗುಂಪು ಕ್ರಮ: ಹತ್ತು ಗುಂಪು ಭೇಟಿ, ಜೊತೆಗೆ ಒಂದರಿಂದ ಮೂರು ಒಬ್ಬೊಬ್ಬರ ಭೇಟಿ.

ಥೆರಪಿಸ್ಟ್ ಗೊತ್ತುಮಾಡುವಾಗ ಕೇಳಿ: ಮಕ್ಕಳ ಆಘಾತದಲ್ಲಿ ಯಾವ ವಿಧಾನದ ತರಬೇತಿ ಆಗಿದೆ? ಎಷ್ಟು ಭೇಟಿ ಬೇಕಾಗಬಹುದು? ನಡುವೆ ಸಂಕಟ ಹೆಚ್ಚಾದರೆ ಯಾರಿಗೆ ಫೋನ್ ಮಾಡಬೇಕು? ಮೂರಕ್ಕೂ ನೇರ ಉತ್ತರ ಸಿಗದಿದ್ದರೆ ಬೇರೆಯವರನ್ನು ನೋಡಿ. ಶುರುವಿನ ಕೆಲವು ವಾರ ಸ್ವಲ್ಪ ಹೆಚ್ಚು ಕದಡಿದಂತೆ ಕಾಣುವುದುಂಟು ಎಂದು ಮನೆಯವರಿಗೂ ಹೇಳಿಡಿ, ಇಲ್ಲದಿದ್ದರೆ ಮೂರನೇ ವಾರ ಬಿಡಿಸಿಬಿಡುತ್ತಾರೆ. ಒಳಗೆ ಏನು ಮಾತಾಯಿತು ಎಂದು ಮೆಂಟರ್ ಕೇಳಬಾರದು. "ಹೋಗಿದ್ಯಾ? ಮುಂದಿನದು ಯಾವತ್ತು?" ಸಾಕು.

ಎರಡು ವಿಷಯ ದೂರವಿಡಿ. ಘಟನೆ ನಡೆದ ಒಂದೆರಡು ದಿನದಲ್ಲೇ ಎಲ್ಲರನ್ನೂ ಕೂರಿಸಿ ನಡೆದದ್ದನ್ನೆಲ್ಲ ಒಂದೇ ಸಲ ಹೊರಹಾಕಿಸುವ 'ಡೀಬ್ರೀಫಿಂಗ್': ವಿಶ್ವ ಆರೋಗ್ಯ ಸಂಸ್ಥೆಯೇ ಅದು ಬೇಡ ಎನ್ನುತ್ತದೆ. ಆ ಹೊತ್ತಿಗೆ ಬೇಕಿರುವುದು ಅದೇ ಸಂಸ್ಥೆ 2011ರ ತನ್ನ ಕೈಪಿಡಿಯಲ್ಲಿ ಹೇಳಿದ ಮನಸ್ಸಿನ ಪ್ರಥಮ ಚಿಕಿತ್ಸೆ: ನೋಡಿ, ಕೇಳಿಸಿಕೊಳ್ಳಿ, ಬೇಕಾದವರೊಂದಿಗೆ ಜೋಡಿಸಿ. ಇನ್ನೊಂದು, ಹುಡುಗರನ್ನು ಜೈಲಿಗೆ ಕರೆದೊಯ್ದು ಕೈದಿಗಳಿಂದ ಹೆದರಿಸುವ ಕಾರ್ಯಕ್ರಮ. 1970ರ ದಶಕದಲ್ಲಿ ನ್ಯೂಜೆರ್ಸಿಯಲ್ಲಿ ಹೆಸರು ಮಾಡಿದ್ದು. ಆಮೇಲೆ ಅದರ ಪ್ರಯೋಗಗಳನ್ನು ಒಟ್ಟಿಗೆ ನೋಡಿದಾಗ, ಹೋಗಿಬಂದ ಹುಡುಗರಲ್ಲಿ ಅಪರಾಧ ಹೆಚ್ಚಿತ್ತು. ಹೆದರಿಕೆ ಅವರಿಗೆ ಹೊಸದೇ?

ಹೆಜ್ಜೆ 8: ಹಿಂಸೆ ಇನ್ನೂ ನಿಂತಿಲ್ಲವಾದರೆ

ಪುಸ್ತಕಗಳು ಆಘಾತವನ್ನು ಮುಗಿದುಹೋದ ಸಂಗತಿ ಎಂಬಂತೆ ಬರೆಯುತ್ತವೆ. ಬಹಳಷ್ಟು ಮಕ್ಕಳಿಗೆ ಅದು ಇವತ್ತು ಸಂಜೆಯ ಸಂಗತಿ. ಹೊಡೆದವರು ಅದೇ ಬೀದಿಯಲ್ಲಿ ಓಡಾಡುತ್ತಿರುವಾಗ ಬೆಚ್ಚಿ ಬೀಳುವುದು ಕಾಯಿಲೆಯಲ್ಲ, ಬುದ್ಧಿ. ಆ ಎಚ್ಚರವನ್ನು ಕಿತ್ತುಹಾಕಲು ಹೋಗಬೇಡಿ. ಬದಲಿಗೆ ಒಂದು ಹಾಳೆಯ ಮೇಲೆ ಜೊತೆಗೂಡಿ ಬರೆಯಿರಿ: ಯಾವ ದಾರಿ, ಯಾವ ಹೊತ್ತು ಅಪಾಯ, ರಾತ್ರಿ ಕದ ತಟ್ಟಬಹುದಾದ ಎರಡು ಮನೆ, ಮೂರು ಫೋನ್ ನಂಬರ್, ಬಾಯಿಪಾಠವಾಗಿ, ಒಂದೇ ಪದದ ಮೆಸೇಜು ಬಂದರೆ ಅದರ ಅರ್ಥ ಏನು. ಹಾಳೆಯನ್ನು ಮನೆಗೆ ಒಯ್ಯುವುದು ಅಪಾಯವಾದರೆ ನಿಮ್ಮ ಹತ್ತಿರ ಇರಲಿ.

ಸೇಡಿನ ವಿಷಯ ಬಂದಾಗ ಹೊತ್ತು ಬಹಳ ಮುಖ್ಯ. ಕ್ಯಾಲಿಫೋರ್ನಿಯಾದ ಓಕ್ಲಂಡ್‌ನಲ್ಲಿ 1994ರಲ್ಲಿ ಶುರುವಾದ ಒಂದು ಕಾರ್ಯಕ್ರಮ ಗುಂಡೇಟು, ಚೂರಿಯೇಟು ತಿಂದ ಹುಡುಗರ ಆಸ್ಪತ್ರೆ ಮಂಚದ ಪಕ್ಕಕ್ಕೇ ಅದೇ ಬಡಾವಣೆಯವರನ್ನು ಕಳಿಸಿತು. ಗಾಯ ಹಸಿಯಾಗಿರುವಾಗ, ಸ್ನೇಹಿತರು ಬಾಗಿಲ ಹೊರಗೆ "ನೋಡ್ಕೋತೀವಿ" ಎನ್ನುತ್ತಿರುವಾಗ. 2000ದಲ್ಲಿ ಷಿಕಾಗೊದಲ್ಲಿ ಸಾಂಕ್ರಾಮಿಕ ರೋಗ ತಜ್ಞ ಗ್ಯಾರಿ ಸ್ಲಟ್ಕಿನ್ ಇದೇ ಯೋಚನೆಯನ್ನು ಬೀದಿಗೆ ತಂದರು: ಹಿಂಸೆ ಅಂಟುಜಾಡ್ಯದಂತೆ ಹರಡುತ್ತದೆ, ಹರಡುವ ಕೊಂಡಿಯಲ್ಲೇ ತಡೆಯಬೇಕು. ಇದು ವಿಶೇಷ ತರಬೇತಿಯವರ ಕೆಲಸ, ಸಾಮಾನ್ಯ ಮೆಂಟರ್ ಎರಡು ಗುಂಪಿನ ನಡುವೆ ಹೋಗಿ ನಿಲ್ಲಬಾರದು. ನಿಮ್ಮ ಕೈಲಾಗುವುದು ಹೊತ್ತು ಕಳೆಯುವುದು. "ಇವತ್ತು ರಾತ್ರಿ ನನ್ನ ಜೊತೆ ಫೋನ್‌ನಲ್ಲಿರು, ನಾಳೆ ನೋಡೋಣ." ನಾಳೆ ಎಂಬುದಕ್ಕೆ ಬಹಳ ಬಲ ಇದೆ.

ಹೆಜ್ಜೆ 9: ಮೆಂಟರ್‌ನ ಮನಸ್ಸು, ಮತ್ತು ಮುಗಿಸುವ ದಿನ

ಇಂಥ ಕಥೆಗಳನ್ನು ಕೇಳಿಸಿಕೊಳ್ಳುವವರಿಗೂ ನಿದ್ದೆ ಹಾರುತ್ತದೆ. ಎರಡು ವಾರಕ್ಕೊಮ್ಮೆ ಅನುಭವಸ್ಥರೊಬ್ಬರು ಮೆಂಟರ್‌ಗಳನ್ನು ಕೂರಿಸಿಕೊಂಡು ಮಾತಾಡಿಸಬೇಕು. ವರದಿ ಕೇಳಲು ಅಲ್ಲ, "ಈ ವಾರ ನಿನಗೆ ಯಾವುದು ಕಚ್ಚಿತು?" ಎಂದು ಕೇಳಲು. ಒಬ್ಬರಿಗೆ ಒಂದೇ ಮಗು, ಹೆಚ್ಚೆಂದರೆ ಎರಡು. ನಾನು ಒಂದು ವರ್ಷ ನಾಲ್ಕು ಜನರನ್ನು ಹಿಡಿದುಕೊಂಡಿದ್ದೆ, ನಾಲ್ವರಿಗೂ ಅರೆಬರೆಯಾಗಿದ್ದೆ.

ಮುಗಿಸುವುದನ್ನು ಶುರುವಿನಲ್ಲೇ ಹೇಳಿರಬೇಕು, ಎಂಟು ವಾರ ಮೊದಲು ನೆನಪಿಸಬೇಕು. ಆ ಎಂಟು ವಾರದಲ್ಲಿ ಜಗಳ ತೆಗೆದರೆ ಆಶ್ಚರ್ಯಪಡಬೇಡಿ. ಬಿಟ್ಟುಹೋಗುವವರನ್ನು ತಾವೇ ಮೊದಲು ಬಿಟ್ಟುಬಿಡುವುದು ಹಳೆಯ ಅಭ್ಯಾಸ. ನೀವು ನಡುವಿನಲ್ಲೇ ಹೋಗಬೇಕಾಗಿ ಬಂದರೆ ಕಾರಣವನ್ನು ನೀವೇ, ಮುಖಾಮುಖಿ ಹೇಳಿ. ಸಂಯೋಜಕರ ಕೈಲಿ ಹೇಳಿಸಿದರೆ ಅವರಿಗೆ ಕೇಳಿಸುವುದು "ನೀನು ಬೇಡ" ಎಂದಷ್ಟೇ.

ಕೊನೆಯ ಭೇಟಿಯಲ್ಲಿ ಎರಡು ದಿನಾಂಕ ಇಬ್ಬರೂ ಬರೆದುಕೊಳ್ಳಿ: ಒಂದು ತಿಂಗಳ ನಂತರ ಒಂದು ಫೋನು, ಮೂರು ತಿಂಗಳ ನಂತರ ಇನ್ನೊಂದು. ಆ ದಿನ, ಹೇಳಿದ ಹೊತ್ತಿಗೆ ಮಾಡಿ. ಎತ್ತದಿದ್ದರೆ ಬೇಸರ ಬೇಡ. ನಿಮ್ಮ ಹೆಸರಿನ ಮಿಸ್ಡ್ ಕಾಲ್ ಅವರ ಫೋನಿನಲ್ಲಿ, ಆ ದಿನಾಂಕದ ಪಕ್ಕದಲ್ಲಿ ಇರುತ್ತದೆ.